ಫೋನ್ ಹೇಳಿದ್ದೇ ಖರೆ

ಚಿಕ್ಕೋಡಿಯ ನಮ್ಮ ಮನೆಯಲ್ಲಿ ಫೋನ್ ಹೆಸರಿಗಷ್ಟೇ ನನ್ನದು. ಊಟವಾದ ಮೇಲೆ ಅದು ಅವ್ವನದು. ಮಂಚದ ಮೇಲೆ ಕುಳಿತು ಭಜನೆಯ ವಿಡಿಯೊ ನೋಡುತ್ತಿದ್ದಳು. ಮಹಾರಾಷ್ಟ್ರ ಹತ್ತಿರವೆಂದೋ ಏನೋ, ಫೋನ್ ಸದಾ ಮರಾಠಿ ಜಾಹೀರಾತು ತೋರಿಸುತ್ತಿತ್ತು. ರೇಗಿಹೋಗಿ ಎಲ್ಲವನ್ನೂ ಕನ್ನಡಕ್ಕೆ ಬದಲಿಸಿದೆ. ಇನ್ನು ಅವ್ವನೂ ಓದಬಹುದೆಂದು ಹಿಗ್ಗಿದೆ. ನನ್ನ ಬುದ್ಧಿಗಿಷ್ಟು!

ಅದೇ ವರ್ಷ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಅವ್ವನ ತಂಗಿ ಅಂಥದ್ದೇ ಗಂಟಿನಿಂದ ತೀರಿಕೊಂಡಿದ್ದಳು. ಅವ್ವ ಎದೆಯೊಡೆದುಕೊಂಡಾಳೆಂದು ಹೆದರಿ, ಕೊಕಟನೂರ ಎಲ್ಲಮ್ಮನ ಗುಡಿಗೆ ಹೋಗಿಬರುತ್ತೇವೆಂದು ಹೇಳಿ, ಯಜಮಾನರೊಂದಿಗೆ ಮಿರಜಿಗೆ ಹೋಗಿ ತಪಾಸಣೆ ಮಾಡಿಸಿಕೊಂಡೆ. ಬರುವಾಗ ಅಂಗಡಿಯಲ್ಲಿ ಅರಿಸಿನದ ಭಂಡಾರ ಕೊಂಡು ತಂದು, ಗುಡಿಯದೆಂದು ಅವಳ ಹಣೆಗೆ ಹಚ್ಚಿದೆ.

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವ್ವ ಫೋನ್ ಹಿಡಿದು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವುದು ಕೇಳಿಸಿತು: “ಮಿರಜ ಕ್ಯಾನ್ಸರ್ ಆಸ್ಪತ್ರೆಗೆ ನಿಮ್ಮ ಭೇಟಿ ಹೇಗಿತ್ತು? ಅನುಭವ ಹಂಚಿಕೊಳ್ಳಿ.”

ಹಂಚಿಕೊಳ್ಳಬೇಕಂತೆ! ಇವರಿಗೆ ಯಾರು ಹೇಳಿದ್ದರು? ಚೀಲದೊಳಗೆ ತೆಪ್ಪಗೆ ಬಿದ್ದಿದ್ದ ಫೋನ್ ಯಾವುದೋ ದೇಶದ ಕಂಪನಿಗೆ ಸುದ್ದಿ ಮುಟ್ಟಿಸಿತ್ತು. ಭಜನೆ ಬೇಗ ಶುರುವಾಗಲೆಂದು ಅದು ಕೇಳಿದ್ದಕ್ಕೆಲ್ಲ ‘ಸರಿ’ ಎಂದು ಒತ್ತುತ್ತಿದ್ದೆವಲ್ಲ, ಅದರಲ್ಲಿ ಯಾವುದೋ ಒಂದು ಇದಕ್ಕೂ ಒಪ್ಪಿಗೆಯಂತೆ.

“ಎಲ್ಲವ್ವಗ ಹೋಗಿ ಬಂದ್ನಿ ಅಂದಿದ್ದಿಯಲ್ಲ?” ಎಂದಳು ಅವ್ವ. ಹಣೆಯ ಭಂಡಾರವನ್ನು ಮುಟ್ಟಿ ನೋಡಿಕೊಂಡಳು.

ಕೊನೆಗೆ ವರದಿ ಬಂತು. ಕ್ಯಾನ್ಸರ್ ಅಲ್ಲ, ಅಪಾಯವಿಲ್ಲದ ಗಂಟು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಹೆದರಿಕೆಯಲ್ಲಿ ನಾನು ಫೋನಿನಲ್ಲಿ ಹುಡುಕಿ ಓದಿದ್ದನ್ನೆಲ್ಲ ಆ ಕಂಪನಿ ನೆನಪಿಟ್ಟುಕೊಂಡಿತ್ತು. ಭಜನೆಯ ನಡುನಡುವೆ ಕ್ಯಾನ್ಸರ್ ಔಷಧಿ, ಕ್ಯಾನ್ಸರ್ ವಿಮೆ, ಕೂದಲು ಉದುರಿದವರಿಗೆ ಕೃತಕ ಕೂದಲು. ‘ಈ ಜಾಹೀರಾತು ಬೇಡ’ ಎಂದು ಒತ್ತಿದೆ. ಯಾಕೆ ಬೇಡ, ಕಾರಣ ತಿಳಿಸಿ ಎಂದಿತು. ಕಾರಣ ಬೇರೆ ಕೊಡಬೇಕು ಇದಕ್ಕೆ! ಗೋಡೆಗೆ ಬೀಸಿ ಒಗೆಯಬೇಕೆನಿಸಿತು.

ಯಜಮಾನರು ವರದಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅವ್ವ ಪೂರ್ತಿ ಕೇಳಿಸಿಕೊಂಡು, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

“ಏನೂ ಇಲ್ಲಂದ್ರ ಇವೆಲ್ಲಾ ಯಾಕ ಬರಾಕತ್ತಾವು? ನೀ ಸುಳ್ಳ ಹೇಳತಿ. ಇದು ಹೇಳೂದಿಲ್ಲ.”

ಅಂದಿನಿಂದ ನೀರಿನ ಕೊಡವನ್ನೂ ನನ್ನ ಕೈಯಿಂದ ಕಸಿದುಕೊಳ್ಳತೊಡಗಿದಳು. ಎಷ್ಟು ಹೇಳಿದರೂ ನಂಬಲಿಲ್ಲ. ಏನೂ ಆಗದ ನನ್ನನ್ನು ನೋಡಿ ನೋಡಿ ಅವಳೇ ಸೊರಗಿದಳು.