ಐದು ಊರಿನ ಸಾಬಮ್ಮರು

ವಾಡಿ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ ಸಾಬಮ್ಮನ ರೊಟ್ಟಿ ತಿನ್ನದವರು ಯಾರಿದ್ದಾರೆ ಹೇಳಿ! ಸಿಮೆಂಟ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವರು, ರೈಲ್ವೆ ಗ್ಯಾಂಗಿನವರು, ರೈಲು ತಪ್ಪಿ ಪರದಾಡುವವರು, ಎಲ್ಲರಿಗೂ ಅವಳ ಒಲೆಯೇ ಗತಿ. ಗಂಡ ಜಗದೇವಪ್ಪ ಫರ್ಶಿ ಕಲ್ಲಿನ ಗಣಿಯಲ್ಲಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಸಂಸಾರ ನಿಂತದ್ದು ಅವಳ ಎರಡು ಅಂಗೈಗಳ ಮೇಲೆ. ಮಹಿಳಾ ಸಂಘದಲ್ಲಿ ಸಾಲ ತೆಗೆದಳು, ಒಂದು ಕಂತೂ ತಪ್ಪಲಿಲ್ಲ. ಬಾಯಿ ಜೋರು ಅನ್ನುವುದೊಂದು ಬಿಟ್ಟರೆ ಅವಳ ಮೇಲೆ ಓಣಿಯಲ್ಲಿ ಯಾರದೂ ತಕರಾರಿರಲಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ. ತಾವಿದ್ದ ಪತ್ರಾಸಿನ, ಅಂದರೆ ತಗಡಿನ ಸೂರಿನ, ಬಾಡಿಗೆ ಮನೆ ತನ್ನದಾಗಬೇಕು. ಮಾಲೀಕ ಚಾಂದ್‌ಸಾಬ್ ಮನೆ ಮಾರಿ ಮಗಳ ಊರಿಗೆ ಹೋಗುವವನಿದ್ದ. "ಸಾಬವ್ವಾ, ನೀ ತಗೊಂತೀ ಅಂದ್ರ ಬ್ಯಾರೇದೋರಿಗಿ ತೋರ್ಸಂಗಿಲ್ಲ. ದೀಪಾವಳಿ ತನಕ ದಾರಿ ನೋಡ್ತೀನಿ," ಎಂದಿದ್ದ. ಸಾಬಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬ್ಯಾಂಕಿಗೆ ಹೋದಳು.

ಮ್ಯಾನೇಜರ್ ಕಂಪ್ಯೂಟರ್ ನೋಡಿ ಮುಖ ಗಂಟು ಹಾಕಿದ. "ನಿಮಗ ಸಾಲ ಆಗಂಗಿಲ್ಲರಿ. ಚಿಂಚೋಳ್ಯಾಗ ಎಮ್ಮಿ ಸಾಲ ಮುಳುಗಿಸೀರಿ. ಶಹಾಬಾದ್‌ನಾಗ ಟಿ.ವಿ. ಕಂತು ಕಟ್ಟಿಲ್ಲ."

"ಎಮ್ಮೀನಾ? ಸಾಹೇಬ್ರ, ನನ್ನ ಗಂಡ ಕಾಲು ಚಾಚಿದ್ರ ಬಾಗಲಕ್ಕ ಹತ್ತತಾವ. ಎಮ್ಮಿ ಎಲ್ಲಿ ನನ್ನ ತಲಿ ಮ್ಯಾಲ ಕಟ್ಲೇನ್ರಿ?"

ಬ್ಯಾಂಕಿನವರೆಲ್ಲ ನಕ್ಕರು. ಸಾಲ ಮಾತ್ರ ಸಿಗಲಿಲ್ಲ. ಸುದ್ದಿ ಓಣಿಗೆ ಬರಲು ಎಷ್ಟು ಹೊತ್ತು ಬೇಕು? ಸಂಘದ ಹೆಂಗಸರು ಅವಳ ಜಾಮೀನಿಗೆ ನಿಲ್ಲಲು ಹಿಂದೆ ಮುಂದೆ ನೋಡತೊಡಗಿದರು. ಕದ್ದವಳಲ್ಲ, ಮುಳುಗಿಸಿದವಳಲ್ಲ, ಆದರೂ ತಲೆ ತಗ್ಗಿಸಿ ನಡೆಯಬೇಕಾಯಿತು.

ಗಂಟು ಬಿಡಿಸಿದವಳು ಲುಂಬಿನಿ. ಸಾಬಮ್ಮನ ತವರಿನ ಹುಡುಗಿ, ಕಲಬುರಗಿಯಲ್ಲಿ ವಕೀಲಿ ಮಾಡುತ್ತಾಳೆ. ಯಾರು ಸಾಲ ತೀರಿಸಿದರು, ಯಾರು ತೀರಿಸಲಿಲ್ಲ ಎಂದು ದೇಶದ ಮಂದಿಯ ಜಾತಕವನ್ನೆಲ್ಲ ಇಟ್ಟುಕೊಂಡು ಬ್ಯಾಂಕುಗಳಿಗೆ ಹೇಳುವ ಕಂಪನಿಯೊಂದಿದೆ. ಆ ಕಂಪನಿ ಐದು ಊರಿನ ಐವರು ಸಾಬಮ್ಮರನ್ನು ಒಬ್ಬಳೇ ಎಂದು ತಿಳಿದು ಕಲಸಿಬಿಟ್ಟಿತ್ತು.

ತಿಳಿಯದೆ ಏನು ಮಾಡೀತು! ಆಧಾರ್ ಮಾಡಿಸುವಾಗ ಹುಟ್ಟಿದ ತಾರೀಖು ಕೇಳಿದರೆ ನಮ್ಮ ಸಾಬಮ್ಮ, "ಸಜ್ಜಿ ಕೊಯ್ಯೂ ಮುಂದ ನಮ್ಮವ್ವ ಹೊಲದಾಗೇ ಹಡದಾಳ್ರಿ," ಎಂದಿದ್ದಳು. ಸಜ್ಜೆಗೆ ಕಂಪ್ಯೂಟರಿನಲ್ಲಿ ತಾರೀಖೆಲ್ಲಿದೆ? ಮುಖ ನೋಡಿ ಒಂದು ವಯಸ್ಸು ಅಂದಾಜು ಮಾಡಿದರು, ಜನವರಿ ಒಂದು ಎಂದು ಬರೆದರು. ಶಾಲೆಯ ಮೆಟ್ಟಿಲು ಹತ್ತದ ಈ ಕಡೆಯ ಹೆಂಗಸರೆಲ್ಲ ಹೀಗೇ ಜನವರಿ ಒಂದಕ್ಕೆ ಹುಟ್ಟಿದವರು. ಹೆಸರೂ ಅದೇ, ತಾರೀಖೂ ಅದೇ, ವರ್ಷವೂ ಅದೇ. ತಿದ್ದಿ ಎಂದು ಐದೂ ಜನ ಬೇರೆ ಬೇರೆಯಾಗಿ ಅರ್ಜಿ ಕೊಟ್ಟಿದ್ದರು, ಕಂಪನಿ ಕಿವಿಗೆ ಹಾಕಿಕೊಂಡಿರಲಿಲ್ಲ.

"ಎಲ್ಲಾರೂ ಕೂಡಿ ಒಂದೇ ಕೇಸ್ ಹಾಕೋಣ ಅತ್ತೀ," ಎಂದಳು ಲುಂಬಿನಿ. "ಒಬ್ಬೊಬ್ರೇ ಹೋದ್ರ ನೊಣ ಹೊಡದಂಗ ಹೊಡೀತಾರ."

ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಸಾಬಮ್ಮರು ವಾಡಿಗೆ ಬಂದಿಳಿದರು. ಯಾರಾದರೂ ಸಾಬಮ್ಮ ಎಂದು ಕೂಗಿದರೆ ಐವರೂ ಓ ಅನ್ನುತ್ತಿದ್ದರು, ಜಗದೇವಪ್ಪ ಮಲಗಿದಲ್ಲೇ ಬಿದ್ದು ಬಿದ್ದು ನಕ್ಕ. ಊಟಕ್ಕೆ ಕೂತಾಗ ಅನ್ನ ಮುಟ್ಟಿ ಆಣೆ ಮಾಡಿದರು, ಯಾರೂ ಒಬ್ಬರೇ ಹೋಗಿ ರಾಜಿಯಾಗುವಂತಿಲ್ಲ. ಕಲಬುರಗಿಯ ಗ್ರಾಹಕರ ಆಯೋಗದಲ್ಲಿ ಕೇಸು ದಾಖಲಾಯಿತು.

ಅವರಲ್ಲಿ ಸೇಡಂ ಸಾಬಮ್ಮ ಕರುಳಿಗೇ ಹತ್ತಿರವಾದಳು. ಪ್ಯಾಸೆಂಜರ್ ರೈಲು ಹತ್ತಿ ಬಂದು, ಸೆರಗು ಕಟ್ಟಿ, ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. "ತಂಗೀ, ಈ ಮನಿ ನಿಂದಾದ ದಿನ ಹೋಳಿಗಿ ನಾನೇ ಮಾಡಾಕಿ," ಅನ್ನುತ್ತಿದ್ದಳು. ಒಡಹುಟ್ಟಿದವರಿಲ್ಲದ ಸಾಬಮ್ಮ ಅವಳ ಮುಂದೆ ಯಾರಿಗೂ ಹೇಳದ ದುಃಖವನ್ನೆಲ್ಲ ತೋಡಿಕೊಂಡಳು. ಇನ್ನೊಂದು ಮನೆಗೆ ಹೊತ್ತು ಸಾಗಿಸಿದರೆ ಗಂಡನ ಸೊಂಟ ತಡೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನೂ ಹೇಳಿದಳು.

ದೀಪಾವಳಿಯ ಹಿಂದಿನ ವಾರ ವಿಚಾರಣೆಯಿತ್ತು. ಸಾಬಮ್ಮ ಐವರಿಗೂ ಬುತ್ತಿ ಕಟ್ಟಿಕೊಂಡು ಹೋದಳು. ಬೆಂಚಿನ ಮೇಲೆ ಅವಳೊಬ್ಬಳೇ. ಕಂಪನಿಯ ವಕೀಲ ಎದ್ದು, ನಾಲ್ವರು ರಾಜಿಯಾಗಿ ಕೇಸು ಬಿಟ್ಟಿದ್ದಾರೆ ಎಂದು ಓದಿದ. ರಾಜಿ ಪತ್ರದ ಮೇಲಿನ ಸೇಡಂ ಸಾಬಮ್ಮನ ಹೆಬ್ಬೆಟ್ಟನ್ನು ಎರಡು ಸಲ ತೋರಿಸಿದ ಮೇಲೂ ಸಾಬಮ್ಮ ನಂಬಲಿಲ್ಲ.

ಹೊರಗೆ ಬಂದು ಲುಂಬಿನಿ ಬಿಡಿಸಿ ಹೇಳಿದಳು. ಕಂಪನಿ ಆ ನಾಲ್ವರನ್ನು ಬೇರೆ ಮಾಡಿ ಅವರ ಹೆಸರು ತೊಳೆದುಕೊಟ್ಟಿತ್ತು. ಎಮ್ಮೆ ಸಾಲ, ಟಿ.ವಿ. ಸಾಲ ಯಾರವೆಂದು ನೋಡದೆ ಎಲ್ಲವನ್ನೂ ಹಳೇ ಕಡತದಲ್ಲೇ ಬಿಟ್ಟಿತ್ತು, ಆ ಕಡತದಲ್ಲಿ ಈಗ ಉಳಿದವಳು ವಾಡಿ ಸಾಬಮ್ಮ ಒಬ್ಬಳೇ. ಕೇಸು ಅವಳೊಬ್ಬಳಿಂದಲೂ ನಡೆಯುತ್ತದೆ, ಆದರೆ ವರ್ಷಗಟ್ಟಲೆ ಹಿಡಿದೀತು.

ಚಾಂದ್‌ಸಾಬ್ ಹಬ್ಬ ಮುಗಿಯುವವರೆಗೂ ಕಾದ. ಆಮೇಲೆ ಕಣ್ಣೀರು ಹಾಕಿಕೊಂಡೇ ಬೇರೆಯವರ ಮುಂಗಡ ತೆಗೆದುಕೊಂಡ. ಅವನನ್ನು ಬಯ್ಯುವುದಕ್ಕೂ ಸಾಬಮ್ಮನಿಗೆ ಮನಸ್ಸಾಗಲಿಲ್ಲ.

ಪಾತ್ರೆಪಗಡ ಮೂಟೆ ಕಟ್ಟುತ್ತಿದ್ದ ದಿನ ಸೇಡಂ ಸಾಬಮ್ಮ ಬಂದಳು. ಹೊಸ್ತಿಲ ಹೊರಗೇ ನಿಂತಳು. ಒಳಗೆ ಜಗದೇವಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ತಂಗೀ, ಮಗಳ ಲಗ್ನ ಗೊತ್ತಾಗಿತ್ತು. ಬೀಗರು ನಮ್ಮ ಹೆಸರು ಕೆಟ್ಟದಂತ ಹಿಂದ ಸರೀಲಿಕತ್ತಿದ್ರು. ನಾ ಏನ್ ಮಾಡ್ಲಿ?"

"ರಾಜಿ ಮಾಡ್ಸಲಾಕ ಬಂದಾಂವ ನಿನಗ ಏನ್ ಹೇಳ್ದ?"

"ಉಳದಾಕಿ ಮ್ಯಾಲ ಎಲ್ಲಾ ಬೀಳ್ತದಂತ ಹೇಳಿದ್ದ." ಸೆರಗಿನ ತುದಿ ಹಿಂಡುತ್ತ ಮತ್ತೆ ಅಂದಳು, "ಮೋಸ ಮಾಡ್ದಾಂವ ಕಂಪನಿಯಾಂವ ತಂಗೀ. ನನ್ನ ಮ್ಯಾಲ ಸಿಟ್ಟಾಗಬ್ಯಾಡ."

ಓಣಿಗೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದ ಸಾಬಮ್ಮ ಅಂದು ದನಿ ಎತ್ತಲಿಲ್ಲ. ಕಟ್ಟುತ್ತಿದ್ದ ಮೂಟೆಯ ಗಂಟು ಬಿಗಿದು ಎದ್ದು ಬಾಗಿಲಿಗೆ ಬಂದಳು.

"ಕಂಪನಿಯಾಂವ ನನ್ನ ಮಾರಿ ನೋಡಿಲ್ಲಕ್ಕಾ. ನಾ ಯಾರಂತ ಅಂವಗ ಗೊತ್ತೇ ಇದ್ದಿದ್ದಿಲ್ಲ. ನಿನಗ ಗೊತ್ತಿತ್ತು."