ಫ್ರಿಜ್ಜಿನೊಳಗೆ ಮಗಳ ಹಾಲು

ಹೆರಿಗೆ ರಜೆ ಮುಗಿದ ಮೇಲೆ ನನ್ನ ಜೀವವೆಲ್ಲ ಫ್ರಿಜ್ಜಿನ ಮೇಲಿನ ಖಾನೆಯಲ್ಲಿತ್ತು. ಭಾಗ್ಯನಗರದ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಕುಷ್ಟಗಿಯ ಕಚೇರಿಗೆ ಹೋದರೆ ತಿರುಗಿ ಬರುವುದು ಸಂಜೆಗೆ. ಆರು ತಿಂಗಳ ಮಗಳು ಅತ್ತೆಯ ಬಳಿ. ನನ್ನ ಹಾಲನ್ನು ಹಿಂಡಿ, ಸಣ್ಣ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ತಾರೀಖು ಬರೆದು, ತಟ್ಟೆಯಲ್ಲಿ ಮಲಗಿಸಿ ಬರ್ಫ ಮಾಡುತ್ತಿದ್ದೆ. ಖಡಕ್ ರೊಟ್ಟಿಯಂತೆ ತೆಳ್ಳಗೆ, ಗಟ್ಟಿಯಾದ ಮೇಲೆ ಅವನ್ನು ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿಡುತ್ತಿದ್ದೆ.

ದಿನಾ ಬೆಳಿಗ್ಗೆ ಅತ್ತೆಗೆ ಅದೇ ಪಾಠ. ಹಳೆಯದನ್ನು ಮೊದಲು ತೆಗೆಯಬೇಕು, ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಬೇಕು, ಒಲೆಯ ಮೇಲೆ ಕಾಸಬಾರದು, ಕರಗಿದ್ದನ್ನು ಮತ್ತೆ ಬರ್ಫಕ್ಕೆ ಇಡಬಾರದು.

"ನಾಕು ಮಕ್ಕಳನ್ನ ಹಡದು ಬೆಳಿಸೀನಿ, ನೀ ಬಸ್ಸಿಗೆ ನಡಿ" ಎನ್ನುತ್ತಿದ್ದರು.

ಒಂದು ಬೇಸಿಗೆಯ ದಿನ ನಾನು ಕಚೇರಿ ಮುಟ್ಟುವ ಮೊದಲೇ ಮನೆಯಲ್ಲಿ ಕರೆಂಟು ಹೋಯಿತು. ತಾಸಿಗೊಮ್ಮೆ ಫೋನು ಮಾಡಿದೆ. "ಫ್ರಿಜ್ಜಿನ ಬಾಗಿಲಾ ತೆಗೀಬ್ಯಾಡ್ರಿ ಅತ್ತಿ" ಎಂದೆ. ಬರೆಯುತ್ತಿದ್ದ ಕಾಗದದಲ್ಲಿ ಒಂದೇ ಸಾಲನ್ನು ಎರಡು ಸಲ ಬರೆದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದೆ. ಮೂರು ಗಂಟೆಗೆ ಅತ್ತೆಯೇ ಫೋನು ಮಾಡಿದರು.

"ಕರೆಂಟ್ ಬಂತವಾ. ಕೂಸು ಹೊಟ್ಟಿತುಂಬ ಹಾಲು ಕುಡದು ಮಲಗೈತಿ."

ಅಲ್ಲಿಂದ ನನಗೆ ಇನ್ನಷ್ಟು ಚಡಪಡಿಕೆ. ಯಾವ ಹಾಲು? ಕೇಳುವ ಮೊದಲೇ ಫೋನು ಇಟ್ಟಿದ್ದರು. ಮತ್ತೆ ಮಾಡಿದರೆ ಎತ್ತಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಬಾಗಿಲ ಹತ್ತಿರ ನಿಂತೇ ಬಂದೆ.

ಚಪ್ಪಲಿ ಬಿಟ್ಟವಳೇ ಫ್ರಿಜ್ಜು ತೆರೆದೆ. ಚೀಲಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಆದರೆ ಒಂದೂ ತೆಳ್ಳಗಿರಲಿಲ್ಲ. ಹಾಲೆಲ್ಲ ತಳಕ್ಕೆ ಇಳಿದು, ಚೀಲದ ಹೊಟ್ಟೆ ಉಬ್ಬಿ, ಹಾಗೇ ಬರ್ಫವಾಗಿತ್ತು. ಪೂರಾ ಕರಗಿ, ಸೆಕೆಯಲ್ಲಿ ಎಷ್ಟೋ ಹೊತ್ತು ಇದ್ದು, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾದ ಹಾಲು ಅದು.

"ಇದನ್ನ ಕುಡಿಸಿದ್ರೇನು?" ಎಂದು ಚೀರಿದೆ. ಅತ್ತೆಯ ಮುಂದೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು.

"ನನಗೇನು ತಿಳಿಯೂದಿಲ್ಲೇನವಾ? ಮಧ್ಯಾನ ಚೀಲ ಹಿಚುಕಿ ನೋಡಿದೆ, ನೀರಾಗಿತ್ತು. ಎದುರುಮನಿ ಬಾಣಂತಿ ಕಡೆ ಒಯ್ದೆ. ಎರಡು ಸಲ ಎದಿಹಾಲು ಕುಡಿಸ್ಯಾಳ, ಈಗಷ್ಟಾ ಕರ್ಕೊಂಡು ಬಂದೆ."

"ಫೋನಿನ್ಯಾಗ ಹೇಳಬಾರದೇನ್ರಿ?"

"ಹೇಳಿದ್ರ ನೀ ಕೆಲಸಾ ಬಿಟ್ಟು ಓಡಿ ಬರ್ತಿದ್ದಿ."

ಫ್ರಿಜ್ಜಿನ ಬಾಗಿಲು ಮುಚ್ಚಿದೆ. ಮಗಳಿಗೆ ಏನೂ ಆಗಿಲ್ಲವೆಂಬ ಸಮಾಧಾನ ಒಂದು ನಿಮಿಷವಷ್ಟೇ ಇತ್ತು. ಆಮೇಲೆ ಹೊಟ್ಟೆಕಿಚ್ಚು. ಸುಳ್ಳೇಕೆ ಹೇಳಲಿ, ನನ್ನ ಕೂಸಿನ ಹೊಟ್ಟೆ ತುಂಬಿಸಿದವಳ ಮೇಲೆಯೇ ಕಿಚ್ಚು. ಹತ್ತು ದಿನ ಹಿಂಡಿಟ್ಟ ಹಾಲನ್ನು ಮೋರಿಗೆ ಸುರಿಯಲು ಹೋದರೆ ಅತ್ತೆ ಕೈ ಹಿಡಿದರು. "ತುಳಿಯೂ ಜಾಗಾದಾಗ ಚೆಲ್ಲಬ್ಯಾಡ, ಕರಿಬೇವಿನ ಬುಡಕ ಹಾಕು." ಒಂದೊಂದೇ ಚೀಲ ಕತ್ತರಿಸಿ, ಬಿಸಿನೀರಿನಲ್ಲಿ ಬಿಡಿಸಿ, ಗಿಡಕ್ಕೆ ಹಾಕಿ ಬಂದೆ.

ಕೈ ತೊಳೆದು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೆ. ಗಾಬರಿಯಲ್ಲಿ ಮಧ್ಯಾಹ್ನ ಹಿಂಡಿರಲಿಲ್ಲ, ಎದೆ ಬಿಗಿದು ನೋಯುತ್ತಿತ್ತು, ರವಿಕೆ ಒದ್ದೆಯಾಗಿತ್ತು. ಅವಳು ಎರಡು ಗುಟುಕು ಹೀರಿ ಬಾಯಿ ಬಿಟ್ಟಳು. ಹಸಿವಿರಲಿಲ್ಲ. ನನ್ನ ಮುಖ ನೋಡಿ ನಕ್ಕಳು, ನಾನು ಅತ್ತುಬಿಟ್ಟೆ.