ಹೆಸರಿಲ್ಲದ ಮದರ್‌ಬೋರ್ಡ್

ನರೋಣಾದ ತವರಿನಿಂದ ಅಫಜಲಪುರಕ್ಕೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಜೊತೆ ವೈರು ಬೆಸೆಯುವ ಒಂದು ಸೋಲ್ಡರಿಂಗ್ ಐರನ್ ಇತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೆ. ಯಜಮಾನರು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳವು. ಕಂಪ್ಯೂಟರ್ ಕಲಿಸ್ತೀರೇನು ಎಂದು ಜನ ಕೇಳತೊಡಗಿದ್ದರಿಂದ ಅವರು ಹೈದರಾಬಾದಿಗೆ ಹೋಗಿ ಹಳೆಯ ಕಂಪ್ಯೂಟರೊಂದನ್ನು ತಂದರು. ಅಂಗಡಿಯಲ್ಲಿ ಚೆನ್ನಾಗಿಯೇ ನಡೆದಿತ್ತಂತೆ. ನಮ್ಮ ಮನೆಯಲ್ಲಿ ಪರದೆ ಬೆಳಗಲೇ ಇಲ್ಲ.

ನಾನು ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಚಿಪ್ಪುಗಳೆಲ್ಲ ಕೂತಿರುವ ಮದರ್‌ಬೋರ್ಡ್ ಹೊರತೆಗೆದೆ. ಅದರ ಮೇಲೆ ಕಂಪನಿಯ ಹೆಸರಿರಲಿಲ್ಲ. ನಂಬರ್ ಅಚ್ಚಾಗಬೇಕಿದ್ದ ಬಿಳಿಯ ಚೌಕ ಖಾಲಿಯಿತ್ತು. ಒಂದು ಚಿಪ್ಪಿನ ಮೇಲೆ ಯಾರೋ ಪೆನ್ನಿನಿಂದ ಬರೆದು ಅಂಟಿಸಿದ ಚೀಟಿ. ತಿರುವಿ ನೋಡಿದರೆ ಹಿಂಬದಿಯಲ್ಲಿ ಕೂದಲೆಳೆಯಂಥ ನೀಲಿ ವೈರುಗಳು, ಒಂದೊಂದನ್ನೂ ಕೈಯಿಂದ ಬೆಸೆದದ್ದು.

ಪಕ್ಕದಲ್ಲೇ ಪೇಪರ್ ಓದುತ್ತಿದ್ದ ಮಾವ ಬಗ್ಗಿ ನೋಡಿದರು. ಅವರು ನಿವೃತ್ತ ಮಾಸ್ತರರು.

“ಯವ್ವಾ, ಇದಕ್ಕ ಇಷ್ಟ್ಯಾಕ ತ್ಯಾಪಿ ಹಚ್ಯಾರ?”

“ಅದನ್ನೇ ನೋಡಾಕತ್ತೇನ್ರಿ ಮಾವಾ. ಇದು ಮಾರಾಕ ಮಾಡಿದ್ದಲ್ಲ ಅನಸ್ತದ. ಕಂಪನಿಯವ್ರು ಮೊದಲ ಒಂದೆರಡು ಮಾಡಿ ಪರೀಕ್ಷೆ ಮಾಡ್ತಾರ್ರಿ. ಅಂಥಾದ್ದಿರಬೇಕು.”

ಯಜಮಾನರು ನಕ್ಕರು. “ರಿಪೇರಿ ಮಾಡಿದವ್ರೂ ಹಿಂಗ ವೈರ್ ಹಚ್ತಾರಲ್ಲ? ಬೇರೆ ಬೋರ್ಡ್ ಹಾಕೂಣು. ಇದನ್ನ ಗುಜರಿಗೆ ಕೊಡ್ತೇನಿ.”

ಅವರ ಮಾತು ತಪ್ಪೆನ್ನುವಂತಿರಲಿಲ್ಲ. ವೈರು ಕಂಡ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಆದರೂ ನನ್ನ ಮುಖ ಸಣ್ಣದಾದದ್ದು ಅವರಿಗೆ ಕಂಡಿರಬೇಕು. ಮರುದಿನ ತಾವಾಗಿಯೇ, “ಜೇವರ್ಗಿಯ ದೋಸ್ತನ ಹತ್ರ ಇಂಥಾದ್ದೇ ಕಂಪ್ಯೂಟರ್ ಅದ. ಹೋಗಿ ಹೋಲಿಸಿ ನೋಡೂಣ ನಡಿ,” ಎಂದರು.

ಬೋರ್ಡನ್ನು ಹಳೆಯ ಧೋತರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಮದುವೆಯಾದ ಮೇಲೆ ನಾವಿಬ್ಬರೇ ಹೊರಟ ಮೊದಲ ಪ್ರಯಾಣವದು. ಬಸ್ಸು ಕುಲುಕಿದಾಗಲೆಲ್ಲ ಅವರು ನನ್ನ ಮೊಣಕಾಲಿನ ಮೇಲೆ ಕೈ ಅಡ್ಡ ಇಡುತ್ತಿದ್ದರು. ಬೋರ್ಡು ಬೀಳಬಾರದೆಂದು, ಅಂದರು.

ಜೇವರ್ಗಿಯ ಗೆಳೆಯರು ಅಳುಕುತ್ತಲೇ ತಮ್ಮ ಕಂಪ್ಯೂಟರ್ ಬಿಚ್ಚಿಕೊಟ್ಟರು. ಎರಡೂ ಬೋರ್ಡುಗಳನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟೆ. ಚಿಪ್ಪುಗಳ ಜಾಗ ಎರಡರಲ್ಲೂ ಒಂದೇ, ಆದರೆ ಅವರದರ ಮೇಲ್ಬದಿಯಲ್ಲಿ ಕಂಪನಿಯ ಹೆಸರು, ನಂಬರು ಎಲ್ಲ ಇದ್ದವು. ಹಿಂಬದಿಯಲ್ಲಿ ವೈರು ಒಂದೂ ಇರಲಿಲ್ಲ. ನಮ್ಮದರ ಒಂದು ನೀಲಿ ವೈರಿನ ಗುಂಟ ಬೆರಳಾಡಿಸಿದೆ. ಅದೇ ದಾರಿ ಅವರ ಬೋರ್ಡಿನಲ್ಲಿ ತಾಮ್ರದ ಗೆರೆಯಾಗಿ ಅಚ್ಚಾಗಿತ್ತು. ಇನ್ನೊಂದು ವೈರು, ಅದೂ ಹಾಗೆಯೇ. ಮೂರನೆಯದೂ.

“ನೋಡ್ರಿ, ನಮ್ಮದ್ರಾಗ ಬಿಟ್ಟುಹೋದ ಗೆರಿನ ವೈರ್ ಹಚ್ಚಿ ಸರಿ ಮಾಡ್ಯಾರ. ಆಮ್ಯಾಲೆ ಇವರದ್ರಾಗ ಅಚ್ಚು ಹಾಕ್ಯಾರ!”

ಯಜಮಾನರು ಎರಡನ್ನೂ ದಿಟ್ಟಿಸಿ, “ಖರೇ ಅದ ನೋಡು,” ಎಂದರು. ಆಮೇಲೆ ಮೂಲೆಯೊಂದನ್ನು ತೋರಿಸಿದರು. “ಇಲ್ಲಿ ಗೆರಿ ಚಿಪ್ಪಿನ ಕಾಲಿನ ತನಕ ಹೋಗೇದ. ನಮ್ಮ ವೈರ್ ನಡುವೇ ನಿಂತದಲ್ಲ?”

ವೈರಿನ ತುದಿ ಬಿಟ್ಟುಕೊಂಡಿತ್ತು. ಪರದೆ ಬೆಳಗದಿದ್ದುದಕ್ಕೆ ಅದೇ ಕಾರಣವಿರಬೇಕು ಎನಿಸಿತು. ಕಂಡುಹಿಡಿದವರು ಅವರು, ದಾರಿಯುದ್ದಕ್ಕೂ ಅದನ್ನು ನೆನಪಿಸುತ್ತಲೇ ಬಂದರು.

ಮನೆಗೆ ಬಂದು ಆ ತುದಿಯನ್ನು ಬೆಸೆದೆ. ಮಾವ ತಮ್ಮ ಭೂತಗನ್ನಡಿಯನ್ನು ಅಲುಗದಂತೆ ಹಿಡಿದು ನಿಂತಿದ್ದರು. ಸ್ವಿಚ್ ಒತ್ತಿದಾಗ ಹಸಿರು ಅಕ್ಷರಗಳು ಮೂಡಿದವು. ಮಾವ, “ಬೇಷ್!” ಎಂದು ಚಪ್ಪಾಳೆ ತಟ್ಟಿದರು.

ಆದರೆ ಅದು ಸ್ವಲ್ಪ ಹೊತ್ತು ಕೆಲಸ ಮಾಡಿ ಸುಮ್ಮನಾಗಿಬಿಡುತ್ತಿತ್ತು. ಕಲಿಯುವವರ ಮುಂದೆ ಇಡುವಂತಿರಲಿಲ್ಲ. ಕೊನೆಗೆ ಡಬ್ಬಿಗೆ ಬೇರೆ ಬೋರ್ಡ್ ಹಾಕಿಸಿ ಕ್ಲಾಸ್ ಶುರುಮಾಡಿದೆವು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಕೆಲವು ವರ್ಷಗಳ ನಂತರ ಆಳಂದದಲ್ಲಿ ಒಬ್ಬ ಹಿರಿಯ ಇಂಜಿನಿಯರರ ಪರಿಚಯವಾಯಿತು. ಎತ್ತಿಟ್ಟಿದ್ದ ಆ ಹಳೆಯ ಬೋರ್ಡನ್ನು ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ ಹೇಳಿದರು: “ನೀವು ಹೇಳೋದು ಇರಬಹುದ್ರಿ. ಆದ್ರ ಗ್ಯಾರಂಟಿ ಹೇಳಬೇಕಂದ್ರ ಇದನ್ನ ಮಾಡಿದವ್ರೇ ಬರಬೇಕು.”

ನನಗೆ ಬೇಸರವಾಗಲಿಲ್ಲ. ಎಲ್ಲೋ ಒಂದು ಊರಿನಲ್ಲಿ ಯಾರೋ ತಪ್ಪು ಮಾಡಿ, ಅದನ್ನು ಕಂಡುಕೊಂಡು, ತಾಳ್ಮೆಯಿಂದ ತಿದ್ದಿದ್ದರು. ಅಷ್ಟಂತೂ ನನ್ನ ಕಣ್ಣೆದುರೇ ಇತ್ತು.

ಅದೇ ವಾರ ಯಜಮಾನರು ಬಡಿಗೇರರಿಂದ ಆ ಬೋರ್ಡಿಗೆ ಮರದ ಚೌಕಟ್ಟು ಮಾಡಿಸಿ ತಂದರು. ಎರಡೂ ಕಡೆ ಗಾಜು ಹಾಕಿಸಿದ್ದರು.

“ಹಿಂದ್ಗಡೆನೂ ಯಾಕ್ರಿ ಗಾಜು?” ಎಂದೆ.

“ನೋಡೂವಂಥ ಕೈಕೆಲಸ ಇರೋದು ಹಿಂದನ ಅಲ್ಲೇನು,” ಎಂದರು.